ಬಂದರು ಅಂದರೆ ಯಾರು ಬಂದರು?

ಇವತ್ತು ಬೆಳಿಗ್ಗೆಯಿಂದ ಆದ ಕೆಲಸಗಳು: ನಳ ಬಂತೆಂದು ಎರಡು ಪೀಪಾಯಿ ನೀರು ಹಿಡಿದದ್ದು. ಜೋಳ ಹಸನು ಮಾಡಿ ಗಿರಣಿಗೆ ಒಯ್ದು ಬೀಸಿಸಿಕೊಂಡು ಬಂದದ್ದು. ಶೇಂಗಾ ಹುರಿದು ಖಾರ ಹಾಕಿ ಹಿಂಡಿ ಕುಟ್ಟಿದ್ದು. ಮಂಚದ ಗಾದಿಯನ್ನು ಬಿಸಿಲಿಗೆ ಹಾಕಿ ಬಡಿದದ್ದು. ಕಿವಿ ಮಿಷನ್ನಿಗೆ ಹೊಸ ಸೆಲ್ ಹಾಕಿದ್ದು. ಸಂತೆಯಲ್ಲಿ ಎಳೆಯ ಬದನೆಕಾಯಿ ಆರಿಸಿ ತಂದದ್ದು, ಯಾಕೆಂದರೆ ಮಧ್ಯಾಹ್ನ ನರಗುಂದದಿಂದ ಅಮೀನಾಬಿಯವರು ಊಟಕ್ಕೆ ಬರುತ್ತಾರೆ. ಬದನೆಕಾಯಿ ಸೀಳಿ ಉಪ್ಪು ನೀರಿಗೆ ಹಾಕಿ, ಕೈ ಒರೆಸಿಕೊಂಡು ಈ ನೋಟ್‌ಬುಕ್ ತೆಗೆದಿದ್ದೇನೆ.

ಬರೆಯಿರಿ ಎಂದವಳು ಕವಿತಾ. ರೋಣದ ಬಸ್‌ಸ್ಟ್ಯಾಂಡಿನ ಎದುರಿಗೆ ಬಾಡಿಗೆ ಗಾಡಿಗಳ ಆಫೀಸು ಇದೆಯಲ್ಲ, ಅಲ್ಲಿ ನಾನು ಇಪ್ಪತ್ತಮೂರು ವರ್ಷ ಕೂತ ಕುರ್ಚಿಯಲ್ಲಿ ಈಗ ಅವಳು ಕೂರುತ್ತಾಳೆ. ಗಾಡಿ ಬೇಕೆಂದು ಫೋನ್ ಮಾಡಿದವರ ಮಾತು ಕೇಳಿ ಬರೆದುಕೊಳ್ಳುವುದು, ಡ್ರೈವರನಿಗೆ ತಿಳಿಸುವುದು, ಗಾಡಿ ಮುಟ್ಟಿತೋ ಇಲ್ಲವೋ ನೋಡುವುದು, ಇಷ್ಟೇ ಕೆಲಸ. ಹೋದ ವಾರ ಮನೆಗೆ ಬಂದವಳು ಹೇಳಿದಳು: "ಶಾಂತಕ್ಕಾರ, ಎಲ್ಲಾ ಕಂಪ್ಯೂಟರ್‌ನ್ಯಾಗ ಐತ್ರಿ. ನೀವು ಮಾಡಿದ ತಪ್ಪಷ್ಟ ಅದರಾಗ ಇಲ್ಲ. ಅವನ್ನ ಬರದು ಕೊಡ್ರಿ."

ಚೂಟಿ ಹುಡುಗಿ. ಆಗಲಿ ಎಂದೆ. ಕವಿತಾ, ಇದು ನಿನಗೆ, ಮುಂದೆ ಆ ಕುರ್ಚಿಗೆ ಬರುವವರಿಗೂ.

ನಾನು ಸೇರಿದಾಗ ಆಫೀಸಿನಲ್ಲಿ ಎರಡು ಜೀಪು, ಒಂದು ಬಿಳಿ ಕಾರು, ಒಂದು ಕಪ್ಪು ಫೋನು ಇದ್ದವು. ಮಾಲೀಕರು ಮಲ್ಲಣ್ಣ ಸಾಹುಕಾರರು. ಅವರಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಎಷ್ಟು ಇಳಿಯುತ್ತಿತ್ತೆಂದರೆ ಬೈಯುತ್ತಿದ್ದಾರೋ ಹರಸುತ್ತಿದ್ದಾರೋ ಗೊತ್ತಾಗುತ್ತಿರಲಿಲ್ಲ.

ಮೊದಲ ವರ್ಷವೇ ನಾನು ಶಿರೋಳದ ತಪ್ಪು ಮಾಡಿದೆ. ಹೆಣ್ಣು ನೋಡಲು ಹೋಗುವವರು, ನಸುಕಿನಲ್ಲಿ ಶಿರೋಳಕ್ಕೆ ಜೀಪು ಕಳಿಸಿ ಎಂದರು. ಶಿರೋಳ ಅಂದರೆ ನಮಗೆ ನರಗುಂದದ ಬಾಜೂ ಇರುವ ಶಿರೋಳ. ಜೀಪು ಹೋಗಿ ಊರ ಅಗಸಿ ಬಾಗಿಲಲ್ಲಿ ನಿಂತಿತು. ಆ ಮಂದಿ ಹೊಸ ಅಂಗಿ ತೊಟ್ಟು ಮುಧೋಳದ ಕಡೆಯ ಶಿರೋಳದಲ್ಲಿ ನಿಂತಿದ್ದರು. ಅವರು ಕೊನೆಗೆ ಟ್ರ್ಯಾಕ್ಟರಿನಲ್ಲಿ ಹೋಗಿ ಹೆಣ್ಣು ನೋಡಿ ಬಂದರಂತೆ, ಹೆಣ್ಣಿನ ತಂದೆ ಟ್ರ್ಯಾಕ್ಟರ್ ನೋಡಿ ಒಪ್ಪಿಕೊಂಡರಂತೆ. ಅದು ನನ್ನ ಪುಣ್ಯ.

ಸಾಹುಕಾರರು ದನಿ ಇಳಿಸಿದರು. "ಶಾಂತವ್ವಾರ, ಊರ ಹೆಸರ ಒಂದ ಕೇಳಿದ್ರ ಸಾಲೂದಿಲ್ಲ. ಬಾಜೂದ ಊರಿನ ಹೆಸರೂ ಕೇಳಬೇಕ್ರಿ. ಮತ್ತ ನೀವು ಹೇಳಿದ್ದನ್ನ ಡ್ರೈವರ್‌ನ ಬಾಯಿಂದ ಮರಳಿ ಹೇಳಸ್ರಿ. ಅಂವ ಮರಳಿ ಹೇಳೂತನಾ ಫೋನ್ ಇಡಬ್ಯಾಡ್ರಿ."

ಮರಳಿ ಹೇಳಿಸುವುದು. ನಮ್ಮ ಕಸುಬಿನ ಬೇರು ಅದೇ. ಎಷ್ಟೋ ವರ್ಷ ನಾನು ಅದನ್ನು ತಪ್ಪಿಸಲಿಲ್ಲ. ಡ್ರೈವರುಗಳು ನಗುತ್ತಿದ್ದರು. "ಅಕ್ಕಾರ ಸಾಲಿ ಮಾಸ್ತರರ ಹಂಗ ಮಗ್ಗಿ ಒಪ್ಪಿಸಿಕೋತಾರ" ಎನ್ನುತ್ತಿದ್ದರು. ನಗಲಿ. ಗಾಡಿ ಮಾತ್ರ ಸರಿಯಾದ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು.

ಆಮೇಲೆ ಕಾಲ ಬದಲಾಯಿತು. ರೋಣದ ಮಂದಿ ವಿಮಾನ ಹತ್ತತೊಡಗಿದರು. ಮುಂಬಯಿಯ ದೊಡ್ಡ ದವಾಖಾನೆಗೆ ಹೋಗುವವರು, ವ್ಯಾಪಾರಕ್ಕೆ ಹೋಗುವವರು ಅಲ್ಲಿಯೂ ನಮ್ಮಿಂದಲೇ ಗಾಡಿ ಕೇಳತೊಡಗಿದರು. ಅಲ್ಲಿ ನಮಗೆ ಬಸವರಾಜ ಸಿಕ್ಕ. ಜಕ್ಕಲಿಯವನು, ಮುಂಬಯಿಯಲ್ಲಿ ಸ್ವಂತ ದೊಡ್ಡ ಗಾಡಿ ಓಡಿಸುತ್ತಾನೆ. ನಾವೆಲ್ಲ ಬಸು ಎನ್ನುತ್ತೇವೆ. ನಮ್ಮೂರಿನವರು ವಿಮಾನ ಇಳಿದು ಹೊರಗೆ ಬಂದರೆ ಬಸು ಕನ್ನಡದಲ್ಲಿ ಹೆಸರು ಬರೆದ ರಟ್ಟು ಹಿಡಿದು ನಿಂತಿರುತ್ತಿದ್ದ. ಆ ಅಕ್ಷರ ಕಂಡ ಕೂಡಲೇ ಅರ್ಧ ಬೇನೆ ಇಳಿಯಿತು ಎಂದವರಿದ್ದಾರೆ.

ವಾಟ್ಸಾಪ್ ಬಂದ ಮೇಲೆ ಫೋನ್ ಮಾಡುವುದು ಕಡಿಮೆಯಾಯಿತು. ಬರೆದು ಕಳಿಸಿದರೆ ಆ ಕಡೆಯಿಂದ ಒಂದು ಹೆಬ್ಬೆರಳು ಬರುತ್ತಿತ್ತು. ಹೆಬ್ಬೆರಳು ಬಂದರೆ ತಿಳಿಯಿತು ಎಂದು ಅರ್ಥ. ಎಲ್ಲರೂ ಹಾಗೆಯೇ ಮಾಡುತ್ತಿದ್ದರು, ಆದರೆ ನಾನು ಹಾಗೆ ಮಾಡಿದ್ದಕ್ಕೆ ಇನ್ನೊಂದು ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇನೆ. ಆಗ ಯಾರಿಗೂ ಹೇಳಿರಲಿಲ್ಲ.

ನಾಲ್ಕು ವರ್ಷದ ಹಿಂದೆ ನರಗುಂದದ ರಾಜೇಸಾಬರು ಆಫೀಸಿಗೆ ಬಂದರು. ಗಾದಿ ಹೊಲಿಯುವ ಅಂಗಡಿ ಅವರದು. ನಾನು ಇವತ್ತು ಬಿಸಿಲಿಗೆ ಹಾಕಿದ ಗಾದಿಯೂ ಅವರ ಕೈಯದೇ. ತಾಯಿ ಅಮೀನಾಬಿಯವರನ್ನು ಉಮ್ರಾ ಯಾತ್ರೆಗೆ ಮೆಕ್ಕಾಕ್ಕೆ ಕರೆದುಕೊಂಡು ಹೋಗುವುದಿತ್ತು. ಮುಂಬಯಿಯಿಂದ ವಿಮಾನ. ಹುಬ್ಬಳ್ಳಿಯ ಕಡೆಯ ಒಂದು ತಂಡದ ಜೊತೆ ಹೋಗುವುದು. ಇಷ್ಟು ಸರಳ ಇತ್ತು. ಆದರೆ ಅಮೀನಾಬಿಯವರದು ಒಂದು ಹಟವಿತ್ತು.

"ನಮ್ಮ ಅತ್ತಿ ಹಡಗಿನ್ಯಾಗ ಹೋಗಿದ್ಲು," ಎಂದರಂತೆ. "ನಾ ಈ ಮನಿಗೆ ಮದಲಗಿತ್ತಿ ಆಗಿ ಬಂದಾಗಿಂದ ಅಕಿ ಬಾಯಾಗ ಹಡಗಿನ ಮಾತ ಕೇಳೇನಿ. ನಾನೂ ಹಡಗ ಹತ್ತಾಕೇ."

ಮೆಕ್ಕಾಕ್ಕೆ ಈಗ ಇಲ್ಲಿಂದ ಹಡಗು ಹೋಗುವುದಿಲ್ಲವೆಂದು ಮಗ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ರಾಜೇಸಾಬರೇ ದಾರಿ ಹುಡುಕಿದರು. ಗೋವಾದಿಂದ ಮುಂಬಯಿಗೆ ಪ್ರವಾಸಿಗಳ ಹಡಗು ಬರುತ್ತದೆ. ಅದರಲ್ಲಿ ಮುಂಬಯಿ ತಲುಪುವುದು, ಬೆಳಿಗ್ಗೆ ಇಳಿದು, ಸೀದಾ ವಿಮಾನ ಹತ್ತುವುದು. ತಾಯಿಯ ಮಾತೂ ಉಳಿಯಿತು, ಉಮ್ರಾವೂ ಆಯಿತು.

"ಅಕ್ಕಾರ, ಹಡಗ ಇಳಿಯೂ ಜಾಗದಿಂದ ಏರ್‌ಪೋರ್ಟಿಗೆ ಒಂದ ಗಾಡಿ ಬೇಕ್ರಿ. ಬ್ಯಾರೆ ಮಂದಿ ಕೂಡ ಬ್ಯಾಡ, ನಮಗಷ್ಟ. ಅವ್ವನ ಮೊಣಕಾಲ ಮಡಚಂಗಿಲ್ಲ. ಸಣ್ಣ ಟ್ಯಾಕ್ಸಿ ಆಕಿಗೆ ಹತ್ತಾಕ ಆಗೂದಿಲ್ಲ. ಎತ್ತರ ಗಾಡಿ, ಮುಂದಿನ ಸೀಟ ಪೂರಾ ಹಿಂದ ಸರಿಯೂವಂಥಾದ್ದು."

ಕವಿತಾ, ಇಂಥ ಬುಕಿಂಗ್ ನಿನಗೂ ಬರುತ್ತದೆ, ಆದ್ದರಿಂದ ಇಷ್ಟು ನೆನಪಿಡು. ಹಡಗು ಆರಕ್ಕೆ ಮುಟ್ಟುತ್ತದೆ ಎಂದರೆ ಮಂದಿ ಆರಕ್ಕೆ ಇಳಿಯುತ್ತಾರೆ ಎಂದಲ್ಲ. ಹಗ್ಗ ಕಟ್ಟಬೇಕು, ಸಾಲಿನಲ್ಲಿ ಬಿಡಬೇಕು, ಸಾಮಾನು ಬೇರೆ ದಾರಿಯಿಂದ ಬರಬೇಕು. ಎರಡು ತಾಸು ಹಿಡಿ. ಯಾವ ಗೇಟು, ಎಷ್ಟು ಪೆಟ್ಟಿಗೆ, ಯಾರ ಮೊಣಕಾಲು ಹೇಗಿದೆ, ವಿಮಾನ ನಿಲ್ದಾಣದ ಯಾವ ಬಾಗಿಲು, ಎಲ್ಲವನ್ನೂ ಕೇಳು. ನಾನು ಎಲ್ಲವನ್ನೂ ಕೇಳಿದೆ. ಹಡಗು ಆರಕ್ಕೆ, ಗಾಡಿ ಎಂಟಕ್ಕೆ ಎಂದು ಬರೆದೆ. ತಂಡದ ಮುಖಂಡರು ಹನ್ನೊಂದಕ್ಕೆ ಎಲ್ಲರನ್ನೂ ಎಣಿಸಿಕೊಂಡು ಒಳಗೆ ಹೋಗುವವರು. ಅವರು ಒಳಗೆ ಹೋದರೆ ಮುಗಿಯಿತು. ವೀಸಾದ ಕಾಗದವೆಲ್ಲ ಅವರ ಹತ್ತಿರವೇ.

ಎಲ್ಲ ಸರಿಯಾಗಿ ಕೇಳಿದವಳು, ಹಿಂದಿನ ದಿನ ಸಂಜೆ ಬಸುಗೆ ಹೀಗೆ ಬರೆದು ಕಳಿಸಿದೆ:

ನಾಳೆ ಬೆಳಿಗ್ಗೆ 8 ಗಂಟೆ. ನರಗುಂದದ ಅಮೀನಾಬಿ, ಮಗ ರಾಜೇಸಾಬ್. ಬಂದರು ಏರ್‌ಪೋರ್ಟ್. ಮುಂದಿನ ಸೀಟು ಪೂರ್ತಿ ಹಿಂದೆ.

ಹೆಬ್ಬೆರಳು ಬಂತು. ನಾನು ಮನೆಗೆ ಹೋದೆ.

ಮರುದಿನ ಆಫೀಸಿನ ಬಾಗಿಲು ತೆಗೆದು, ಕಸ ಹೊಡೆದು, ಊದಿನಕಡ್ಡಿ ಹಚ್ಚುವಾಗ ಎಂಟೂವರೆ. ರಾಜೇಸಾಬರ ಫೋನು ಬಂತು.

"ಅಕ್ಕಾರ, ನಾವು ಹೊರಗ ಬಂದ ಅರ್ಧಾ ತಾಸ ಆತ್ರಿ. ಗಾಡಿ ಕಾಣವಲ್ದು. ನಿಮ್ಮ ಬಸು ಫೋನ್ ಎತ್ತವಲ್ಲ."

ನಾನು ಬಸುಗೆ ಹಚ್ಚಿದೆ. ಮೂರನೆಯ ಸಲಕ್ಕೆ ಎತ್ತಿದ.

"ಎಲ್ಲಿ ಅದೀಯೋ ತಮ್ಮಾ?"

"ಏರ್‌ಪೋರ್ಟಿನ್ಯಾಗರಿ. ರಟ್ಟ ಹಿಡಕೊಂಡು ನಿಂತೇನಿ. ಗದ್ದಲದಾಗ ಫೋನ್ ಕೇಳಸಲಿಲ್ಲ. ಇಳದವರ ಮಾರಿ ನೋಡಿ ನೋಡಿ ಕಣ್ಣ ಸೋತು. ನಿಮ್ಮ ಅಮೀನಾಬಿಯವರು ಯಾವ ಇಮಾನಕ್ಕ ಬರಾಕತ್ತಾರ?"

"ಇಮಾನ ಅಲ್ಲೋ! ಹಡಗಿಗೆ ಬಂದಾರ. ಬಂದರು ಅಂತ ಬರದೇನಲ್ಲ?"

"ಹೌದಲ್ರಿ ಮತ್ತ. ಎಂಟಕ್ಕ ಅಮೀನಾಬಿ, ಮಗ ಬಂದರು, ಏರ್‌ಪೋರ್ಟ್. ಅದಕ್ಕ ಏರ್‌ಪೋರ್ಟಿಗೆ ಬಂದೇನಿ. ಬಂದರು ಅಂದ್ರ ಬಂದ್ರು ಅಲ್ಲೇನ್ರಿ?"

ನನ್ನ ಕೈಯಲ್ಲಿದ್ದ ಊದಿನಕಡ್ಡಿಯ ಬೂದಿ ಮೇಜಿನ ಮೇಲೆ ಬಿತ್ತು. ಹಡಗು ನಿಲ್ಲುವ ಜಾಗಕ್ಕೆ ಬಂದರು ಎನ್ನುತ್ತಾರೆಂದು ಸಾಲಿಯ ಪುಸ್ತಕದಲ್ಲಿ ಓದಿದ್ದೆ. ನನ್ನ ಕಣ್ಣಿಂದ ಬಂದರು ನೋಡಿದವಳಲ್ಲ, ಬಾಯಿಂದ ಆಡಿದವಳೂ ಅಲ್ಲ. ಬರೆದೆ, ಅಷ್ಟೇ. ಅವನು ಬಾಯಿಬಿಟ್ಟು ಓದಿಕೊಂಡ.

"ನಾವು ಇಲ್ಲಿ ಅದಕ್ಕ ಗೋದಿ ಅಂತೀವ್ರಿ," ಎಂದ ಬಸು. "ಗೋದಿ ಅಂತ ಬರದಿದ್ರ ತಿಳೀತಿತ್ತು."

"ಗೋದಿ ನಮ್ಮಲ್ಲಿ ಹುಗ್ಗಿಗೆ ಹಾಕತಾರೋ!" ಆ ಗಾಬರಿಯಲ್ಲಿಯೂ ನನ್ನ ಬಾಯಿಂದ ಬಂದದ್ದು ಅದೇ.

ಬಸು ಫೋನಿನಲ್ಲೇ ಲೆಕ್ಕ ಹಾಕಿದ. ಅವನು ಅಲ್ಲಿಂದ ಗೋದಿಗೆ ಬರಲು ಆ ಹೊತ್ತಿನ ಗದ್ದಲದಲ್ಲಿ ಒಂದೂಕಾಲು ತಾಸು, ತಿರುಗಿ ಹೋಗಲು ಇನ್ನೊಂದೂವರೆ. ಹನ್ನೊಂದೂವರೆ ಆಗುತ್ತದೆ. ಆಗಂಗಿಲ್ಲ ಎಂದ. ಸಣ್ಣ ಟ್ಯಾಕ್ಸಿಗಳು ಬಂದರಿನ ಗೇಟಿನ ಹೊರಗೇ ಇದ್ದವು, ಅಮೀನಾಬಿಯವರ ಕಾಲು ಮಾತ್ರ ಅವುಗಳೊಳಗೆ ಹೋಗುತ್ತಿರಲಿಲ್ಲ. ರಾಜೇಸಾಬರು ಒಂದು ಸಲ ಹತ್ತಿಸಿ ನೋಡಿದರಂತೆ. ತಾಯಿ ನೋವಿಗೆ ಕೂಗಿದರೆಂದು ಇಳಿಸಿದರು.

ಅಷ್ಟರಲ್ಲಿ ಸಾಹುಕಾರರು ಬಂದು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಇನ್ನೊಂದು ಫೋನ್ ಎತ್ತಿ ತಂಡದ ಮುಖಂಡರಿಗೆ ಹಚ್ಚಿದರು. "ಸಾಹೇಬ್ರ, ನರಗುಂದದ ತಾಯಿ ಮಗ ದಾರ್ಯಾಗ ಅದಾರ. ತಪ್ಪ ಅವರದಲ್ಲ, ನಮ್ಮದು. ಎಣಿಸೂವಾಗ ಇವರನ್ನ ಕಡೀಕ ಎಣಿಸಿಕೊಳ್ರಿ." ಆ ಕಡೆಯವರು ಹನ್ನೊಂದೂ ಹತ್ತರವರೆಗೆ ನಿಲ್ಲುತ್ತೇನೆ, ಅದಕ್ಕೂ ಮುಂದೆ ತಮ್ಮ ಕೈಯಲ್ಲಿಲ್ಲ ಎಂದರು.

ಅದೇ ಹೊತ್ತಿಗೆ ಬಸು ತಿರುಗಿ ಫೋನ್ ಮಾಡಿದ. "ಅಕ್ಕಾರ, ನಮ್ಮ ಮುಶಿಗೇರಿ ಹನಮಂತ ಕೊಲಾಬಾದಾಗ ಅದಾನ. ದೊಡ್ಡ ಗಾಡ್ಯಾಗ ಸಾಲಿ ಮಕ್ಕಳ್ನ ಬಿಟ್ಟು ಈಗ ಖಾಲಿ ಆಗ್ಯಾನ. ಗೋದಿ ಅವಗ ಹತ್ತು ಮಿನಿಟ. ಕಳಸ್ಲ್ಯಾ?"

"ಕಳಸು. ಏನಂತ ಹೇಳ್ತಿ ಅವಗ? ನನಗ ಮದ್ಲ ಹೇಳು."

ಅವರ ಗುರುತು ನಾನು ಹೇಳಿಕೊಟ್ಟೆ, ಬಸು ಎಲ್ಲವನ್ನೂ ಮಗ್ಗಿ ಒಪ್ಪಿಸಿದ ಹಾಗೆ ಹೇಳಿದ. ಹಡಗಿನ ಗೋದಿಯಿಂದ ಏರ್‌ಪೋರ್ಟಿಗೆ. ಬಿಳಿ ಬುರ್ಖಾದ ಅಜ್ಜಿ, ಗಡ್ಡದ ಮಗ, ಹಸಿರು ಪೆಟ್ಟಿಗೆ ಎರಡು. ಮುಂದಿನ ಸೀಟು ಪೂರಾ ಹಿಂದೆ. ಎಷ್ಟೋ ದಿನದ ಮೇಲೆ ನಾನು ಮರಳಿ ಹೇಳಿಸಿದ್ದೆ.

ಹನಮಂತ ಬರುವವರೆಗೆ ನಾನು ರಾಜೇಸಾಬರಿಗೆ ಫೋನ್ ಮಾಡಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಗಾದಿ ಹೊಲಿಯುವವರಿಗೆ ಸಿಟ್ಟು ನಿಧಾನ ಬರುತ್ತದೆಯೋ ಏನೋ. ಅವರು ಬೈಯದೆ, "ಅಕ್ಕಾರ, ಅವ್ವಗ ಎಪ್ಪತ್ತೆಂಟು. ಮತ್ತೊಮ್ಮಿ ಕರಕೊಂಡ ಬರತೇನಿ ಅಂತ ಹೆಂಗ ಹೇಳಲಿ?" ಎಂದರು. ಇಪ್ಪತ್ತಮೂರು ವರ್ಷದಲ್ಲಿ ನನಗೆ ಬೈದವರು ಬಹಳ ಮಂದಿ. ಇದರಷ್ಟು ಯಾವುದೂ ನಾಟಿಲ್ಲ.

ಅಮೀನಾಬಿಯವರು ಮಗನ ಕೈಯಿಂದ ಫೋನ್ ತೆಗೆದುಕೊಂಡರು.

"ಯಾರವಾ, ಶಾಂತವ್ವನ? ಅಳಾಕತ್ತೀಯೇನ?"

"ಇಲ್ರೀ ದಾದಿ."

"ಸುಳ್ಳ ಹೇಳಬ್ಯಾಡ. ಮೂಗ ಎಳೆಯೂದು ಇಲ್ಲಿತನಾ ಕೇಳತೈತಿ. ನೋಡಿಲ್ಲೆ, ನಾ ಪೆಟಗಿ ಮ್ಯಾಲೆ ಕುಂತೇನಿ. ನಮ್ಮ ಅತ್ತೀನೂ ಇದ ಮುಂಬಯಿ ಬಂದರದಾಗ ಹಡಗ ಬರ್ಲಿ ಅಂತ ಹನ್ನೊಂದ ದಿನಾ ಪೆಟಗಿ ಮ್ಯಾಲೆ ಕುಂತಿದ್ಲು. ರೊಟ್ಟಿ ಗಂಟ ಮುಗದು, ಬರೇ ಚುರಮರಿ ತಿಂದಿದ್ಲಂತ. ಹಡಗಿನ್ಯಾಗಿಂದ ಇಳದ ಕೂಡಲೇ ಗಾಡಿ ಹತ್ತಿದ್ರ ನಾ ಇಲ್ಲಿ ಅಕಿ ಹಂಗ ಕುಂದರತಿದ್ನೇನ? ನೀ ಗಾಡಿ ನೋಡು. ಅಲ್ಲಾ ಕರದ್ರ ಬಾಗಲಾ ಹಾಕೂದಿಲ್ಲ."

ಒಂಬತ್ತೂ ಐದಕ್ಕೆ ಹನಮಂತ ಗೇಟಿಗೆ ಬಂದ. ಒಂಬತ್ತೂ ಹದಿನೈದಕ್ಕೆ ಹೊರಟರು. ಆಮೇಲೆ ನನಗೆ ಮಾಡಲು ಏನೂ ಇರಲಿಲ್ಲ. ಗಾಡಿ ಮುಂಬಯಿಯಲ್ಲಿ, ನಾನು ರೋಣದಲ್ಲಿ. ಅದೇ ಈ ಕೆಲಸದ ಕಠಿಣ ಭಾಗ ಕವಿತಾ, ಕಂಪ್ಯೂಟರಿನಲ್ಲಿ ಬರೆದಿರುವುದಿಲ್ಲ. ಮೇಜು ಒರೆಸಿದೆ. ನೀರಿನ ಹೂಜಿ ತೊಳೆದೆ. ಇಬ್ಬರು ಗಿರಾಕಿಗಳು ಗಜೇಂದ್ರಗಡಕ್ಕೆ ಗಾಡಿ ಕೇಳಿ ಬಂದರು, ಬರೆದುಕೊಂಡೆ, ಬಾಜೂದ ಊರೂ ಕೇಳಿದೆ. ಹತ್ತೂಕಾಲಿಗೆ ಹನಮಂತ, ದಾರಿಯಲ್ಲಿ ಗಾಡಿಗಳು ನಿಂತುಬಿಟ್ಟಿವೆ ಎಂದ. ಹತ್ತೂ ನಲವತ್ತಕ್ಕೂ ಅಲ್ಲೇ ಇದ್ದ. ಸಾಹುಕಾರರು ಚಹಾ ತರಿಸಿದರು. ನನ್ನದು ಕಪ್ಪಿನಲ್ಲೇ ಕೆನೆಗಟ್ಟಿತು.

ಹನ್ನೊಂದೂ ನಾಲ್ಕಕ್ಕೆ ಬಸು ಫೋನ್ ಮಾಡಿದ. ಅವನು ಏರ್‌ಪೋರ್ಟ್ ಬಿಟ್ಟು ಹೋಗಿರಲಿಲ್ಲ. ಗಾಲಿಕುರ್ಚಿ ತರಿಸಿ ಬಾಗಿಲಲ್ಲಿ ಹಿಡಿದು ನಿಂತಿದ್ದನಂತೆ, ಜೊತೆಗೆ ಆ ರಟ್ಟು.

"ಅಕ್ಕಾರ," ಎಂದ, ಏದುಸಿರು ಬಿಡುತ್ತಾ. "ಬಂದ್ರು. ಈಗ ಖರೇನ ಬಂದ್ರು. ಮುಖಂಡರು ಎಣಿಸಿಕೊಂಡು ಒಳಗ ಕರಕೊಂಡ ಹ್ವಾದ್ರು."

ಅದೇ ಮಾತು. ನಾನು ಹಿಂದಿನ ಸಂಜೆ ಬರೆದ ಅದೇ ಮಾತು. ಸಾಹುಕಾರರಿಗೆ ಮುಟ್ಟಿದರು ಎಂದು ಗೋಣು ಹಾಕಿದೆ. ಅವರು ಟೋಪಿ ತೆಗೆದು ಹಣೆ ಒರೆಸಿಕೊಂಡು ಮತ್ತೆ ಹಾಕಿಕೊಂಡರು.

ಮಧ್ಯಾಹ್ನ ಗದ್ದಲ ಇಲ್ಲದ ಹೊತ್ತಿನಲ್ಲಿ ದನಿ ಇಳಿಸಿ ಕೇಳಿದರು: "ನೀವು ಬರದದ್ದನ್ನ ಒಮ್ಮಿ ಬಾಯಿಬಿಟ್ಟ ಓದ್ರಿ."

ಓದಿದೆ. ಬಂದರು ಏರ್‌ಪೋರ್ಟ್. ಕಿವಿಗೆ ಬಿದ್ದಾಗ ಅದು ಬಸು ಹೇಳಿದ್ದೇ ಆಗಿತ್ತು. "ಬಂದರಿನಿಂದ", "ಏರ್‌ಪೋರ್ಟಿಗೆ" ಎಂದು ಬರೆದಿದ್ದರೆ ಸಾಕಿತ್ತು. ಒಂದು ‘ಇಂದ’, ಒಂದು ‘ಗೆ’. ಅವನ್ನು ಉಳಿಸಲು ಹೋಗಿ ಒಬ್ಬ ತಾಯಿಯ ಜೀವಮಾನದ ಆಸೆ ಕಳೆಯುತ್ತಿದ್ದೆ.

"ಅದು ಬಿಡ್ರಿ," ಎಂದರು ಸಾಹುಕಾರರು. "ಮಾತು ಎಲ್ಲಾರಿಗೂ ಕೈ ಕೊಡತೈತಿ. ನೀವು ಮರಳಿ ಯಾಕ ಹೇಳಸಲಿಲ್ಲ? ಫೋನ್ ಯಾಕ ಬಿಟ್ರಿ?"

ಆಗ ಹೇಳಿದೆ. ಎರಡು ವರ್ಷದಿಂದ ನನ್ನ ಬಲಗಿವಿ ಮಂದವಾಗಿತ್ತು. ಫೋನ್ ಮೇಜಿನ ಬಲಕ್ಕೆ, ಬರೆಯುವ ಕೈಯೂ ಬಲ, ಹೀಗಾಗಿ ಕೈಯಲ್ಲಿ ಲೇಖಣಿ, ಭುಜಕ್ಕೂ ಬಲಗಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಇಷ್ಟು ವರ್ಷ ಕಳೆದಿದ್ದೆ. ಹೇಳಿದ್ದನ್ನು ಎರಡೆರಡು ಸಲ ಕೇಳಿದರೆ ಗೊತ್ತಾಗಿಬಿಡುತ್ತದೆ, ಕೇಳಿಸದವಳಿಗೆ ಫೋನಿನ ಕೆಲಸ ಯಾರು ಕೊಡುತ್ತಾರೆ ಎಂಬ ಅಂಜಿಕೆ. ವಾಟ್ಸಾಪ್ ಬಂದದ್ದು ನನಗೆ ಅಡಗಿಕೊಳ್ಳುವ ಜಾಗವಾಗಿತ್ತು.

ಅವರು ಕೇಳಿಸಿಕೊಂಡರು. ಎದ್ದು ಹೋದರು. ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಮರುದಿನ ಬಂದು ನೋಡಿದರೆ ಫೋನು ಮೇಜಿನ ಎಡಕ್ಕೆ ಇತ್ತು. ತಂತಿಯನ್ನು ಗೋಡೆಗುಂಟ ಹೊಸದಾಗಿ ಎಳೆಸಿ, ಮೊಳೆ ಹೊಡೆಸಿದ್ದರು. ಬಲಕ್ಕೆ ನೋಟ್‌ಬುಕ್ಕು, ಲೇಖಣಿ. ಮುಂದಿನ ವಾರ ಗಜೇಂದ್ರಗಡದಲ್ಲಿ ಕಿವಿ ತೋರಿಸಿಕೊಂಡು, ಬಲಗಿವಿಗೆ ಈ ಮಿಷನ್ ಹಾಕಿಸಿಕೊಂಡೆ. ಮೂರು ವರ್ಷ ಎಡಗಿವಿಯಿಂದಲೇ ಕೆಲಸ ಮಾಡಿ, ಹೋದ ವರ್ಷ ನಾನಾಗಿಯೇ ಬಿಟ್ಟೆ. ಕವಿತಾ, ನೀನು ಬಂದ ದಿನ ಫೋನ್ ಯಾಕೆ ಎಡಕ್ಕಿದೆ ಎಂದು ಕೇಳಿದ್ದಿಯಲ್ಲ, ಇದೇ ಉತ್ತರ. ನಿನಗೆ ಅಡ್ಡ ಆದರೆ ಬಲಕ್ಕೆ ಇಟ್ಟುಕೋ. ಮರಳಿ ಹೇಳಿಸುವುದನ್ನು ಮಾತ್ರ ಬಿಡಬೇಡ. ಹೆಬ್ಬೆರಳಿಗೆ ಬಾಯಿ ಇಲ್ಲ.

ಇಲ್ಲಿಗೆ ನಿಲ್ಲಿಸಿದ್ದೆ. ಅಮೀನಾಬಿಯವರು ಬಂದರು, ಮಗ ಬಾಗಿಲವರೆಗೆ ಬಿಟ್ಟು ಅಂಗಡಿಯ ಕೆಲಸಕ್ಕೆ ಹೋದರು. ಉಮ್ರಾದಿಂದ ಬಂದ ವರ್ಷ ಜಮ್‌ಜಮ್ ನೀರು, ಖರ್ಜೂರ ತಂದುಕೊಟ್ಟಾಗಿಂದ ವರ್ಷಕ್ಕೊಮ್ಮೆ ಹೀಗೆ ಬರುವುದು ರೂಢಿ. ಇಂದೂ ಖರ್ಜೂರ ತಂದಿದ್ದರು, ನರಗುಂದದ ಪೇಟೆಯದು. "ಮೆಕ್ಕಾದ್ದಲ್ಲವಾ, ಆದ್ರ ಬೀಜ ಸಣ್ಣದೈತಿ," ಎಂದರು.

ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಉಂಡೆವು. ಮೊಣಕಾಲು ಮಡಚದ ಕಾರಣ ಅವರು ಕುರ್ಚಿಯ ಮೇಲೆ, ನಾನು ಮಣೆಯ ಮೇಲೆ. ಎರಡನೆಯ ರೊಟ್ಟಿ ಬೇಡ ಎಂದು ಅರ್ಧ ಹೆಚ್ಚಿಗೆ ಹಾಕಿಸಿಕೊಂಡರು. ಉಂಡ ಮೇಲೆ ಬಿಸಿಲಿನ ಗಾದಿ ತಂದು ಮಂಚಕ್ಕೆ ಹಾಸಿದೆ, ಇನ್ನೂ ಬೆಚ್ಚಗಿತ್ತು. ಅದನ್ನು ಒತ್ತಿ ನೋಡಿ, "ನನ್ನ ಮಗನ ಹೊಲಿಗಿ," ಎಂದು ಅಡ್ಡಾದರು. ನಾನು ಕಿವಿ ಮಿಷನ್ ತೆಗೆದಿಟ್ಟು ಬಾಜೂ ಬಂದಾಗ ಅವರು ಯಾರೂ ಹೇಳದೆ ಸರಿದು, ನನ್ನ ಎಡಕ್ಕೆ ಬರುವ ಹಾಗೆ ಜಾಗ ಮಾಡಿಕೊಂಡಿದ್ದರು. ಅತ್ತೆಯ ಹನ್ನೊಂದು ದಿನದ ಮಾತು ಮತ್ತೆ ತೆಗೆದರು. ಒಂಬತ್ತನೆಯ ದಿನ ಚುರಮರಿಯೂ ಮುಗಿಯಿತು, ಹತ್ತನೆಯ ದಿನ ಯಾರೋ ದೂರಕ್ಕೆ ಹೊಗೆ ಕಂಡಿತು ಎಂದರು, ಮಂದಿಯೆಲ್ಲ ಎದ್ದು ನಿಂತರು. ಹಡಗು ಬಂತೇನ್ರಿ ದಾದಿ ಎಂದು ಕೇಳಿದೆ. ಅಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು.